ತಕ್ಕಡಿ ಸಾಹೇಬರೂ ಹೈಪರ್ಬೊಲಿಯೂ

ಅಂಗಡಿಯವರ ತಕ್ಕಡಿ, ತೂಕದ ಕಲ್ಲು, ಬಟ್ಟೆ ಅಳೆಯುವ ಕಡ್ಡಿ, ಎಣ್ಣೆ ಅಳೆಯುವ ಪಾತ್ರೆ, ಇವೆಲ್ಲ ಸರಿಯಾಗಿವೆಯೇ ಎಂದು ನೋಡಿ ಸರ್ಕಾರದ ಮುದ್ರೆ ಒತ್ತುವುದು ಅವರ ಕೆಲಸ. ಅದಕ್ಕೇ ಬೀದಿಯವರೆಲ್ಲ ಅವರನ್ನು ತಕ್ಕಡಿ ಸಾಹೇಬರು ಎಂದು ಕರೆಯುತ್ತಿದ್ದರು. ಮನುಷ್ಯ ಪ್ರಾಮಾಣಿಕ. ಆದರೆ ಈ ಪ್ರಾಮಾಣಿಕತೆ ಎನ್ನುವುದು ನೋಡಿ, ಆಫೀಸಿನಲ್ಲಿದ್ದರೆ ಚೆಂದ, ಮನೆಗೆ ಕರೆತಂದರೆ ಕಷ್ಟ. ಯಾರಾದರೂ "ಒಂದೇ ನಿಮಿಷ, ಬಂದೆ" ಎಂದು ಹೋದರೆ ಸಾಹೇಬರು ಗಡಿಯಾರ ನೋಡುತ್ತ ನಿಲ್ಲುತ್ತಿದ್ದರು. ಹೆಂಡತಿ ಹೊಸ ಸೀರೆ ಉಟ್ಟು "ಹೇಗೆ ಕಾಣ್ತೀನಿ?" ಎಂದು ಕೇಳಿದರೆ, "ಹೋದ ವರ್ಷಕ್ಕಿಂತ ಸ್ವಲ್ಪ ದಪ್ಪ" ಎಂದು ಇದ್ದ ಸತ್ಯವನ್ನೇ ಹೇಳಿ, ಆ ರಾತ್ರಿ ತಾವೇ ಬಡಿಸಿಕೊಂಡು ಉಣ್ಣುತ್ತಿದ್ದರು.

ಇಂಥ ಮಗನಿಗೆ ದೇವರು ಎಂಥ ತಾಯಿಯನ್ನು ಕೊಟ್ಟಿದ್ದ ಗೊತ್ತೇ? ಅಜ್ಜಿಯ ಬಾಯಲ್ಲಿ ಸಣ್ಣ ಮಾತೇ ಇರಲಿಲ್ಲ. ಊಟ ಎರಡು ನಿಮಿಷ ತಡವಾದರೆ "ಹೊಟ್ಟೆ ತಾಳ ಹಾಕಿ ಹಾಕಿ ಹರಿದುಹೋಯ್ತು." ಮೊಮ್ಮಗಳು ಶಾಲೆಯಿಂದ ಬರುವುದು ತಡವಾದರೆ "ಕಣ್ಣಲ್ಲೇ ಪ್ರಾಣ ಇಟ್ಟುಕೊಂಡು ಕೂತಿದ್ದೆ, ಒಂದು ಯುಗವೇ ಆಯ್ತು." ಸೊಸೆಯ ಕೈಯಲ್ಲಿ ಉಪ್ಪು ಒಂದು ಚಿಟಿಕೆ ಹೆಚ್ಚಾದರೆ "ಅಮ್ಮಾ ತಾಯೀ, ಸಮುದ್ರವನ್ನೇ ತಂದು ಸುರಿದುಬಿಟ್ಟೆಯಲ್ಲೇ!" ಇನ್ನು ಮನೆಬಿಟ್ಟು ಹೋಗುವ ಮಾತಂತೂ ದಿನಾ ಇದ್ದದ್ದೇ. "ಈ ಕ್ಷಣ ಹೊರಟೆ! ಮಗಳ ಮನೆ ಇದೆ ನನಗೆ! ನಿಮ್ಮ ಮನೆ ಹೊಸಿಲು ತುಳಿದರೆ ಕೇಳಿ!" ಎಂದು ಬೀದಿಗೆ ಕೇಳುವಂತೆ ಗುಡುಗಿ, ಅದೇ ಉಸಿರಿನಲ್ಲಿ "ಟೀ ಆಯ್ತೇನೇ?" ಎನ್ನುತ್ತಿದ್ದಳು. ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸಾಹೇಬರು ಮಾತ್ರ ತಾಯಿಯ ಒಂದೊಂದು ಮಾತಿಗೂ ಒಳಗೊಳಗೇ ತೂಕ ಹಾಕಿ, ಹೆಚ್ಚಾದದ್ದನ್ನು ಕಳೆದು ಕೇಳಿಸಿಕೊಳ್ಳುತ್ತಿದ್ದರು.

ಹೀಗಿರುವಾಗ ಏಳನೇ ಕ್ಲಾಸಿನ ಇಂಗ್ಲಿಷ್ ಪುಸ್ತಕ ಆ ಮನೆಯೊಳಗೆ ಕಾಲಿಟ್ಟಿತು.

ಟೀಚರು ಮಕ್ಕಳಿಗೆ ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್, ಹೈಪರ್ಬೊಲಿ ಎಂಬ ನಾಲ್ಕು ಮಾತು ಹೇಳಿಕೊಟ್ಟು, "ನಿಮ್ಮ ನಿಮ್ಮ ಮನೆಯಲ್ಲಿ ಜನ ಮಾತಾಡೋದನ್ನ ಕೇಳಿ, ಇವಕ್ಕೆ ಉದಾಹರಣೆ ಹುಡುಕಿ ತನ್ನಿ. ಸೋಮವಾರ ಕ್ಲಾಸಲ್ಲಿ ಹೇಳಬೇಕು" ಎಂದಿದ್ದರು. ಮಗಳು ಅಮ್ಮನನ್ನು ಕೇಳಿದಳು. ಅಮ್ಮ ಒಲೆಯ ಕಡೆ ತಿರುಗಿಕೊಂಡೇ "ಅಪ್ಪನ್ನ ಕೇಳು" ಎಂದಳು. ಅಪ್ಪನಿಗೆ ಸಿಮಿಲಿ ಎಂದರೆ ಸಸ್ಯವೋ ಪ್ರಾಣಿಯೋ ಗೊತ್ತಿರಲಿಲ್ಲ. ಆದರೆ ಮಗಳ ಮುಂದೆ ಗೊತ್ತಿಲ್ಲ ಎನ್ನುವ ಅಪ್ಪ ಇನ್ನೂ ಹುಟ್ಟಿಲ್ಲವಲ್ಲ!

"ಇಂಗ್ಲಿಷಾ? ಇಷ್ಟೇನಾ? ಕೊಡು ಇಲ್ಲಿ" ಎಂದು ಸಾಹೇಬರು ಕನ್ನಡಕ ಒರೆಸಿಕೊಂಡು, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಕೂತರು.

ಕೂತವರು ಬೆರಗಾದರು. ಒಂದನ್ನು ಇನ್ನೊಂದರ ಜೊತೆ ಇಟ್ಟು, ಇದು ಅದರ ಹಾಗಿದೆ ಎನ್ನುವುದಕ್ಕೆ ಸಿಮಿಲಿ ಎಂದು ಹೆಸರು! ಇದೇ ಅದು ಎಂದುಬಿಟ್ಟರೆ ಮೆಟಫರ್! ಜೀವವಿಲ್ಲದ್ದು ಮನುಷ್ಯನ ಹಾಗೆ ನಡೆದುಕೊಂಡರೆ ಅದಕ್ಕೂ ಹೆಸರು!

"ಅಬ್ಬಬ್ಬಾ! ಬಾಯಿಂದ ಬರೋ ಮಾತನ್ನೂ ಹಿಡಿದು ನಿಲ್ಲಿಸಿ ಮುದ್ರೆ ಒತ್ತಿಬಿಟ್ಟಿದಾರಲ್ಲೇ ಮಗಳೇ! ನಮ್ಮದಕ್ಕಿಂತ ದೊಡ್ಡ ಇಲಾಖೆ ಕಣೇ ಇದು!" ಎಂದರು.

ನಾಲ್ಕನೆಯದಕ್ಕೆ ಬಂದಾಗ ಅವರ ಬೆರಳು ನಿಂತುಹೋಯಿತು. ಹೈಪರ್ಬೊಲಿ. ಇದ್ದದ್ದಕ್ಕಿಂತ ಬಹಳ ಹೆಚ್ಚು ಮಾಡಿ ಹೇಳುವುದು. ಅವರ ಇಲಾಖೆಯಲ್ಲಿ ಇದಕ್ಕೆ ಮೋಸ ಎನ್ನುತ್ತಾರೆ, ದಂಡ ಹಾಕುತ್ತಾರೆ.

ಸರಿಯಾಗಿ ಅದೇ ಹೊತ್ತಿಗೆ ಒಳಗಿನ ಕೋಣೆಯಿಂದ ಅಜ್ಜಿಯ ದನಿ ಬಂತು. "ಲೋ, ಆ ಕಿಟಕಿ ಹಾಕೋ ಅಂತ ಸಾವಿರ ಸಲ ಬಡ್ಕೊಂಡೆ! ಗಾಳಿ ನನ್ನನ್ನ ಎತ್ತಿಕೊಂಡೇ ಹೋಗ್ತಿದೆಯಲ್ಲೋ!"

"ಹೈಪರ್ಬೊಲಿ!" ಎಂದು ಮಗಳು ಚಪ್ಪಾಳೆ ತಟ್ಟಿ ಕುಣಿದಳು.

ಅಜ್ಜಿ ಬಾಗಿಲಿಗೆ ಬಂದಳು. "ಯಾರೇ ಅದು? ಯಾರು ಬಂದ್ರು?"

"ಯಾರೂ ಬಂದಿಲ್ಲ ಅಜ್ಜಿ. ನೀನು ಹೇಳಿದ್ದು ಹೈಪರ್ಬೊಲಿ!"

"ಹಾಗಂದ್ರೇನೋ?" ಎಂದು ಅಜ್ಜಿ ಮಗನ ಮುಖ ನೋಡಿದಳು.

ಆಗ ಸಾಹೇಬರು ಸುಮ್ಮನೆ "ಏನಿಲ್ಲಮ್ಮ" ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ತಿಳಿದವರು ಹೇಳಿಲ್ಲವೇ? ಆದರೆ ಸಾಹೇಬರು ಗಂಟಲು ಸರಿಮಾಡಿಕೊಂಡು, ಅಂಗಡಿಯವನಿಗೆ ನೋಟಿಸ್ ಓದಿ ಹೇಳುವ ದನಿಯಲ್ಲಿ ಹೇಳಿದರು. "ಹಾಗಂದ್ರೆ ಸುಳ್ಳು ಅಮ್ಮ. ತೂಕದಲ್ಲಿ ಮೋಸ. ಸಾವಿರ ಸಲ ಅಂದೆ, ಹೇಳಿದ್ದು ಮೂರು ಸಲ. ಗಾಳಿ ಎತ್ಕೊಂಡು ಹೋಗುತ್ತೆ ಅಂದೆ, ನಿನ್ನ ಮೈಗೆ ಈ ಗಾಳಿ ಎಲ್ಲಿ ಸಾಲುತ್ತೆ? ಇದು ನಾನು ಹೇಳ್ತಿರೋದಲ್ಲ, ನಿನ್ನ ಮೊಮ್ಮಗಳ ಪುಸ್ತಕದಲ್ಲೇ ಪ್ರಿಂಟಾಗಿದೆ. ನೋಡು."

ಅಜ್ಜಿಗೆ ಓದು ಬಾರದು. ಓದು ಬಾರದವರಿಗೆ ಅಚ್ಚಾದ ಅಕ್ಷರದ ಮೇಲೆ ಇರುವ ಭಯಭಕ್ತಿ ಓದಿದವರಿಗೆ ಎಲ್ಲಿಂದ ಬರಬೇಕು? ಅವಳು ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಆ ಪುಟವನ್ನೇ ನೋಡುತ್ತ ನಿಂತಳು.

"ಇಲ್ಲೇನೋ ಇರೋದು?"

"ಅಲ್ಲೇ. ದಪ್ಪ ಅಕ್ಷರದಲ್ಲಿ."

"ಊರ ಮಕ್ಕಳೆಲ್ಲ ಇದನ್ನ ಓದ್ತಾರಾ?"

"ಓದದೇ? ಪರೀಕ್ಷೆಗೇ ಕೇಳ್ತಾರೆ."

ಅಜ್ಜಿ ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. "ಆಯ್ತಪ್ಪಾ. ಗೊತ್ತಿರಲಿಲ್ಲ ನನಗೆ. ಇನ್ನುಮೇಲೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ" ಎಂದು ಹೋಗಿ ಕಿಟಕಿಯನ್ನು ತಾನೇ ಹಾಕಿಕೊಂಡಳು. ಸಾಹೇಬರಿಗೆ ಒಂದು ದೊಡ್ಡ ಅಂಗಡಿಯನ್ನು ಸರಿದಾರಿಗೆ ತಂದಷ್ಟು ಸಮಾಧಾನವಾಯಿತು.

ಮಾರನೆಯ ದಿನ ಊಟಕ್ಕೆ ಕೂತಾಗ ಅಜ್ಜಿ ಒಂದು ತುತ್ತು ಬಾಯಿಗಿಟ್ಟು, "ಉಪ್ಪು ಸ್ವಲ್ಪ ಜಾಸ್ತಿ" ಎಂದಳು. ಅಷ್ಟೇ. ಸೊಸೆಯ ಕೈಯಲ್ಲಿದ್ದ ಸೌಟು ಠಣ್ಣೆಂದು ಕೆಳಗೆ ಬಿತ್ತು. ಮದುವೆಯಾಗಿ ಬಂದಾಗಿನಿಂದ ಸಮುದ್ರ ಸುರಿಸಿಕೊಂಡಿದ್ದಳು, ಒಂದು ದಿನವೂ ಬೇಜಾರು ಮಾಡಿಕೊಂಡವಳಲ್ಲ. ಈಗ ಸೆರಗಿನಿಂದ ಮೂಗು ಒರೆಸಿಕೊಂಡು, "ಅಷ್ಟೊಂದು ಕೆಟ್ಟದಾಗಿದೆಯಾ ಅತ್ತೆ? ಸ್ವಲ್ಪ ಅಂದ್ಬಿಟ್ರಲ್ಲ!" ಎಂದು ಅತ್ತುಬಿಟ್ಟಳು.

ಅದೇ ಸಂಜೆ ಎದುರುಮನೆಯ ಟೈಲರಮ್ಮನ ಮಗನ ವಿಚಾರ ತಿಳಿದುಕೊಳ್ಳಲು ಹೆಣ್ಣಿನ ಕಡೆಯ ಇಬ್ಬರು ಬಂದರು. ಬೀದಿಯ ಹುಡುಗರ ಬಗ್ಗೆ ಕೇಳಬೇಕಾದರೆ ಎಲ್ಲರೂ ಅಜ್ಜಿಯ ಹತ್ತಿರವೇ ಬರುವುದು. ಹಿಂದೆ ಆಗಿದ್ದರೆ "ಅಯ್ಯೋ, ಅಪರಂಜಿ! ಹತ್ತೂರು ಜಾಲಾಡಿದ್ರೂ ಇಂಥ ಹುಡುಗ ಸಿಗೋಲ್ಲ!" ಎಂದು ಅರ್ಧ ಮದುವೆಯನ್ನು ಜಗುಲಿಯ ಮೇಲೇ ಮುಗಿಸಿ ಕಳಿಸುತ್ತಿದ್ದಳು. ಟೈಲರಮ್ಮ ಅದೇ ಧೈರ್ಯದಿಂದ ತನ್ನ ಮನೆಯ ಕಿಟಕಿಯಲ್ಲಿ ಕಿವಿ ಇಟ್ಟುಕೊಂಡು ನಿಂತಿದ್ದಳು.

"ಹುಡುಗ ಹೇಗಮ್ಮ?" ಎಂದರು ಬಂದವರು.

"ಪರವಾಗಿಲ್ಲ" ಎಂದಳು ಅಜ್ಜಿ.

"ಪರವಾಗಿಲ್ಲ ಅಂದ್ರೆ?"

"ಅಂದ್ರೆ ಪರವಾಗಿಲ್ಲ. ಕೆಲಸ ಇದೆ. ಬೆಳಿಗ್ಗೆ ಏಳೋದು ತಡ. ಬುದ್ಧಿ ಸಾಧಾರಣ. ಅವ್ವನಿಗೆ ಹೆದರ್ತಾನೆ."

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊಟ್ಟ ನೀರನ್ನೂ ಪೂರ್ತಿ ಕುಡಿಯದೆ ಎದ್ದರು. ಅವರು ಬೀದಿ ತಿರುಗುವ ಮೊದಲೇ ಟೈಲರಮ್ಮ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ನುಗ್ಗಿ ಬಂದಳು.

"ಸಾಹೇಬ್ರೇ, ಅಜ್ಜಿಗೆ ಏನ್ ಮಾಡಿದ್ರಿ? ನನ್ನ ಮಗ ಅವರ ಕಣ್ಣ ಮುಂದೆ ಬೆಳೆದ ಹುಡುಗ! ಸಾಧಾರಣ ಅಂದ್ಬಿಟ್ರಲ್ಲ!"

"ಹುಡುಗ ಸಾಧಾರಣಾನೇ ಅಲ್ವೇನಮ್ಮ?" ಎಂದರು ಸಾಹೇಬರು ಪ್ರಾಮಾಣಿಕವಾಗಿ.

"ಅದು ನನಗೂ ಗೊತ್ತು! ಅದನ್ನ ಹೇಳ್ತಾರಾ ಯಾರಾದ್ರೂ?" ಎಂದು ಟೈಲರಮ್ಮ ನೆಲ ನಡುಗುವಂತೆ ಹೆಜ್ಜೆ ಹಾಕಿ ಹೊರಟುಹೋದಳು.

ಅತ್ತೆಗೆ ಮೈ ಸರಿಯಿಲ್ಲವೆಂದು ಸೊಸೆ ತೀರ್ಮಾನಿಸಿ ಹಿಂದಿನ ಬೀದಿಯ ಡಾಕ್ಟರನ್ನು ಕರೆಸಿದಳು. ಈ ಡಾಕ್ಟರು ಅಜ್ಜಿಯ ಮಾತನ್ನು ವರ್ಷಗಟ್ಟಲೆ ಕೇಳಿದವರು. "ಎಲ್ಲಿ ನೋವು?" ಎಂದರೆ, "ತಲೆಯಿಂದ ಕಾಲಿನ ತನಕ ನೋವಿಲ್ಲದ ಒಂದು ಜಾಗ ನೀವೇ ಹುಡುಕಿ ಕೊಡಿ, ನಿಮ್ಮ ಹೆಸರಲ್ಲಿ ಗುಡಿ ಕಟ್ಟಿಸ್ತೀನಿ" ಎನ್ನುವ ರೋಗಿ. ಡಾಕ್ಟರು ನಗುತ್ತಲೇ ಬಂದು ಕುರ್ಚಿ ಎಳೆದುಕೊಂಡು ಕೂತರು.

"ಏನಜ್ಜಿ, ಎಲ್ಲಿ ನೋವು ಇವತ್ತು?"

"ಬಲ ಮಂಡಿ."

"ಎಷ್ಟಿದೆ?"

"ಸ್ವಲ್ಪ."

ಡಾಕ್ಟರ ನಗು ಹಾರಿಹೋಯಿತು. ನಾಡಿ ಹಿಡಿದರು, ಕಣ್ಣ ರೆಪ್ಪೆ ಎತ್ತಿ ನೋಡಿದರು, ಎದೆಗೆ ಕಿವಿಗೊಟ್ಟರು. ಆಮೇಲೆ ಸಾಹೇಬರ ಹೆಗಲ ಮೇಲೆ ಕೈಹಾಕಿ ಹೊರಗೆ ಕರೆದುಕೊಂಡು ಬಂದು ಪಿಸುಗುಟ್ಟಿದರು. "ಸಾಹೇಬ್ರೇ, ಸ್ವಲ್ಪ ಅಂದ್ರು! ಈ ಬಾಯಲ್ಲಿ ಸ್ವಲ್ಪ ಅನ್ನೋ ಮಾತು ನಾನು ಕೇಳೇ ಇಲ್ಲ. ಧೈರ್ಯ ತಂದ್ಕೊಳ್ಳಿ. ತಡ ಮಾಡ್ಬೇಡಿ, ದೊಡ್ಡಾಸ್ಪತ್ರೆಯಲ್ಲಿ ಒಂದ್ಸಲ ತೋರ್ಸಿಬಿಡಿ."

ದೊಡ್ಡಾಸ್ಪತ್ರೆಯ ಮಾತು ಅಜ್ಜಿಯ ಕಿವಿಗೂ ಬಿತ್ತು. ಅವಳು ಕೋಪ ಮಾಡಿಕೊಳ್ಳಲಿಲ್ಲ, ಕೂಗಲಿಲ್ಲ. ಸೊಸೆಯನ್ನು ಕರೆದು, "ಭಾನುವಾರ ಬೆಳಿಗ್ಗೆ ಎಂಟರ ಬಸ್ಸಿಗೆ ಮಗಳ ಮನೆಗೆ ಹೋಗ್ತೀನಿ. ಚೀಲ ಕೆಳಗಿಳಿಸಿಕೊಡು" ಎಂದಳು.

ಮನೆಗೆ ಗರ ಬಡಿದಂತಾಯಿತು. ಸೊಸೆ ಓಡಿಬಂದು ಗಂಡನ ತೋಳು ಹಿಡಿದುಕೊಂಡಳು. "ರೀ! ಅತ್ತೆ ಹೋಗ್ತಾರಂತೆ!"

"ದಿನಾ ಹೇಳ್ತಾಳಲ್ಲ."

"ಅಯ್ಯೋ ನಿಮ್ಮ ತಲೆ! ದಿನಾ ಹೇಳೋದು ಬೇರೆ. ಈಗ ಇದ್ದದ್ದು ಇದ್ದ ಹಾಗೆ ಹೇಳೋದಲ್ವಾ? ಬಸ್ಸಿನ ಟೈಮ್ ಹೇಳಿದ್ರು ರೀ! ಹಾಗಾದ್ರೆ ಹೋಗೇಬಿಡ್ತಾರೆ!"

ಸಾಹೇಬರು ಕೂತಲ್ಲಿಂದ ಎದ್ದರು. ಹೌದಲ್ಲ! ಮುದ್ರೆ ಒತ್ತಿದ ಕಲ್ಲಿನ ಹಾಗೆ ಆಗಿಬಿಟ್ಟಿದೆ ಅಮ್ಮನ ಮಾತು. ಈಗ ಅದರಲ್ಲಿ ಕಳೆಯುವುದಕ್ಕೆ ಏನೂ ಇಲ್ಲ. ಅಕ್ಕನಿಗೆ ಫೋನ್ ಮಾಡಿ, ಅಮ್ಮ ಬಂದರೆ ಬುದ್ಧಿ ಹೇಳಿ ವಾಪಸು ಕಳಿಸು ಎನ್ನಬೇಕೆಂದಿದ್ದರು. ವಿಷಯ ಕೇಳಿದ ಅಕ್ಕ ಆ ಕಡೆಯಿಂದ ಕಿರುಚಿಕೊಂಡಳು. "ಏನಂದೆ? ಕೂಗಾಡಲಿಲ್ವಾ? ಶಾಪ ಹಾಕಲಿಲ್ವಾ? ಸುಮ್ನೆ ಬರ್ತೀನಿ ಅಂದ್ಲಾ? ಲೋ, ಹೆತ್ತ ತಾಯಿಗೆ ಏನೋ ಮಾಡಿದೆ ನೀನು?" ಎಂದು ಅಳುತ್ತ ಫೋನ್ ಇಟ್ಟಳು.

ಶನಿವಾರ ಶಾಲೆ ಬಿಡುವ ಹೊತ್ತಿಗೆ ಸಾಹೇಬರು ಇಂಗ್ಲಿಷ್ ಟೀಚರ ಮುಂದೆ ನಿಂತಿದ್ದರು. ಖಾಲಿ ಕ್ಲಾಸಿನಲ್ಲಿ ಆಕೆ ಬೋರ್ಡು ಒರೆಸುತ್ತಿದ್ದರು. ಸಾಹೇಬರು ನಡೆದದ್ದನ್ನೆಲ್ಲ ಕ್ರಮವಾಗಿ ಹೇಳಿ, ಕೊನೆಗೆ, "ಮೇಡಂ, ಪುಸ್ತಕದಿಂದ ಆ ಒಂದು ಪಾಠ ತೆಗೆಸೋಕೆ ಆಗುತ್ತಾ?" ಎಂದು ಕೇಳಿದರು.

ಟೀಚರು ಡಸ್ಟರ್ ಕೆಳಗಿಟ್ಟರು. "ಸಾರ್, ಹೈಪರ್ಬೊಲಿ ಸುಳ್ಳಲ್ಲ. ಕೇಳೋರು ಮೋಸ ಹೋದ್ರೆ ತಾನೇ ಸುಳ್ಳು? ನಿಮ್ಮಮ್ಮ ಸಾವಿರ ಸಲ ಅಂದಾಗ ಯಾರಾದ್ರೂ ಎಣಿಸ್ತಾರಾ?"

"ನಾನು ಎಣಿಸ್ತೀನಿ" ಎಂದರು ಸಾಹೇಬರು.

ಇಂಥ ಅಪ್ಪನ ಮಗಳು ಅಷ್ಟು ಚೂಟಿಯಾಗಿ ಹೇಗೆ ಹುಟ್ಟಿದಳು ಎಂದು ಟೀಚರಿಗೆ ಅನ್ನಿಸಿರಬೇಕು. "ನಿಮ್ಮ ಆಫೀಸಲ್ಲಿ ಎಲ್ಲಕ್ಕಿಂತ ದೊಡ್ಡ ಕಲ್ಲು ಯಾವುದು ಸಾರ್?"

"ಇಪ್ಪತ್ತು ಕೇಜಿದು."

"ಲಾರಿ ತುಂಬ ಜಲ್ಲಿ ಬಂದ್ರೆ ಆ ಕಲ್ಲಲ್ಲಿ ತೂಗ್ತೀರಾ?"

"ಛೇ ಛೇ! ಅದಕ್ಕೆ ವೇಬ್ರಿಡ್ಜೇ ಬೇಕು ಮೇಡಂ. ಲಾರಿ ಸಮೇತ ಹತ್ತಿಸ್ಬೇಕು."

"ಹಾಗೇ ಇದೂ. ಮೊಮ್ಮಗಳು ಬರೋದು ಹತ್ತು ನಿಮಿಷ ತಡ ಆದಾಗ ಅಜ್ಜಿಗೆ ಆಗೋ ಭಯ ಇದೆಯಲ್ಲ, ಅದನ್ನ ಹತ್ತು ನಿಮಿಷದಲ್ಲಿ ತೂಗೋಕೆ ಆಗಲ್ಲ ಸಾರ್. ಅದಕ್ಕೆ ಒಂದು ಯುಗವೇ ಬೇಕು."

ಸಾಹೇಬರು ಬೆಂಚಿನ ಮೇಲೆ ಕೂತರು. ಮಕ್ಕಳು ಕೂರುವ ಬೆಂಚು, ಮೊಣಕಾಲು ಗಲ್ಲಕ್ಕೆ ತಾಗಿತು. ಇಷ್ಟು ವರ್ಷ ಅಮ್ಮ ಲಾರಿ ಲಾರಿ ತಂದು ಮನೆ ಬಾಗಿಲಿಗೆ ಸುರಿಯುತ್ತಿದ್ದಳು, ನಾನು ಅಂಗೈಯಗಲದ ತಕ್ಕಡಿ ಹಿಡಿದುಕೊಂಡು ಹೆಚ್ಚಾಯಿತು ಹೆಚ್ಚಾಯಿತು ಎಂದು ಕಳೆಯುತ್ತಿದ್ದೆ! ಏಳನೇ ಕ್ಲಾಸಿನ ಮಕ್ಕಳಿಗೆ ಇದನ್ನೆಲ್ಲ ಹೇಳಿಕೊಡುತ್ತಾರೆಯೇ? ಹಾಗಿದ್ದರೆ ಆ ಮಕ್ಕಳು ಕ್ಲಾಸಿನಲ್ಲಿ ಹೇಗೆ ಸುಮ್ಮನೆ ಕೂತಿರುತ್ತವೆ? ಅವರು ಎದ್ದು ಟೀಚರಿಗೆ ಕೈಮುಗಿದು ಬೀದಿಗೆ ಬಂದರು.

ಬೀದಿ ಬೇರೆಯೇ ಆಗಿತ್ತು. ಹಣ್ಣಿನವಳು "ಬಿಸಿಲು ಸುಟ್ಟು ಬೂದಿ ಮಾಡ್ತಿದೆ" ಎಂದಳು. ಸೈಕಲ್ಲಿನವನು "ನಿನ್ನ ದಾರಿ ಕಾದು ಕಾದು ಬೇರು ಬಿಟ್ಟೆ" ಎಂದು ಗೆಳೆಯನಿಗೆ ಹೇಳಿದ. ತಾಯಿಯೊಬ್ಬಳು ಮಗುವಿಗೆ "ನನ್ನ ರಾಜ, ನನ್ನ ಚಿನ್ನದ ಗಟ್ಟಿ" ಎಂದಳು. ಸಾಹೇಬರು ಬಾಯಿ ತೆರೆದುಕೊಂಡು ಒಬ್ಬೊಬ್ಬರ ಮುಂದೆಯೂ ನಿಂತು ನಿಂತು ಕೇಳಿದರು. ಸರ್ಕಾರದ ಮುದ್ರೆ ಇಲ್ಲದೆ ಇಷ್ಟೊಂದು ಸಂಪತ್ತು ಬೀದಿಯಲ್ಲಿ ಓಡಾಡುತ್ತಿತ್ತಲ್ಲ ಎಂದು ಅವರಿಗೆ ಮೈ ಜುಮ್ಮೆಂದಿತು. ಹಣ್ಣಿನವಳು ಮಾತ್ರ ತಕ್ಕಡಿ ಪರೀಕ್ಷೆಗೆ ಬಂದರೆಂದು ಹೆದರಿ ಬುಟ್ಟಿ ಎತ್ತಿಕೊಂಡು ಹೋದಳು.

ರಾತ್ರಿ ಊಟವಾದ ಮೇಲೆ ಸಾಹೇಬರು ಅಜ್ಜಿಯ ಮಂಚದ ಪಕ್ಕ ಕೂತರು. ಮಗಳು ಪರದೆಯ ಹಿಂದೆ ನಿಂತು ಹೇಳಿಕೊಡುವುದೆಂದು ಮೊದಲೇ ಮಾತಾಗಿತ್ತು. ಅಜ್ಜಿ ಚೀಲಕ್ಕೆ ಬಟ್ಟೆ ಮಡಚಿಡುತ್ತಿದ್ದಳು.

"ಸಿಮಿಲಿ!" ಎಂದು ಪರದೆ ಪಿಸುಗುಟ್ಟಿತು.

"ಅಮ್ಮಾ, ನೀನು ನಮ್ಮ ಆಫೀಸಿನ ಇಪ್ಪತ್ತು ಕೇಜಿ ಕಲ್ಲಿದ್ದ ಹಾಗೆ" ಎಂದರು ಸಾಹೇಬರು ಭಕ್ತಿಯಿಂದ.

"ನಾನು ಕಲ್ಲಾ?" ಎಂದಳು ಅಜ್ಜಿ.

"ಮೆಟಫರ್ ಅಪ್ಪಾ, ಮೆಟಫರ್!"

"ಅಲ್ಲಲ್ಲ. ಅಮ್ಮಾ, ನೀನೇ ಈ ಮನೆಯ ಕಂಬ."

"ಕಂಬ ನಡುಮನೆಯಲ್ಲಿದೆ. ನಾನು ಮೂಲೆ ಕೋಣೆಯಲ್ಲಿ ಮಲಗೋದು."

"ಪರ್ಸಾನಿಫಿಕೇಶನ್!"

"ನೀನು ಹೋಗ್ತೀಯ ಅಂತ ಈ ಮಂಚ ಅಳ್ತಾ ಇದೆ ಅಮ್ಮ."

ಅಜ್ಜಿ ಮಂಚವನ್ನು ಒಂದು ಸಲ ಅಲ್ಲಾಡಿಸಿ ನೋಡಿದಳು. "ಕಾಲು ಸಡಿಲ ಆಗಿದೆ. ಮೊಳೆ ಹೊಡಿಸು" ಎಂದಳು. ಆಮೇಲೆ ಚೀಲದ ಬಾಯಿ ಕಟ್ಟಿ, ದೀಪ ಆರಿಸಲು ಹೇಳಿದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದು ಮಾತಿನಿಂದ ಒಡೆದದ್ದನ್ನು ಮೂರು ಮಾತಿನಿಂದಲೂ ಕೂಡಿಸಲಾಗಲಿಲ್ಲ. ಪರದೆಯ ಹಿಂದೆ ಮಗಳು ಅಳುತ್ತಿದ್ದಳು.

ಭಾನುವಾರ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಬೀದಿಗೆ ಬೀದಿಯೇ ನೆರೆದಿತ್ತು. ಟೈಲರಮ್ಮ ಕೋಪ ಮರೆತು ಅಜ್ಜಿಗೆ ನೀರಿನ ಬಾಟಲಿ ತಂದಿದ್ದಳು. ಡಾಕ್ಟರು ಮಾತ್ರೆ ಕಟ್ಟಿಕೊಂಡು ಬಂದಿದ್ದರು. ಸೊಸೆ ಸೆರಗು ಬಾಯಿಗೆ ತುರುಕಿಕೊಂಡಿದ್ದಳು, ಮೊಮ್ಮಗಳು ಅಜ್ಜಿಯ ಚೀಲವನ್ನು ತಬ್ಬಿಕೊಂಡು ಬಿಡುತ್ತಿರಲಿಲ್ಲ. ಅಜ್ಜಿ ಎಲ್ಲರಿಗೂ "ಬರ್ತೀನಿ" ಎಂದು ಒಂದೊಂದೇ ಸಲ ಹೇಳಿದಳು. ಹೇಳಿದ ಸಮಯಕ್ಕೆ ಸರಿಯಾಗಿ ಬಸ್ಸು ಬಂತು. ಅದಕ್ಕಾದರೂ ತಡವಾಗಿ ಬರುವ ಬುದ್ಧಿ ಬೇಡವೇ?

ಅಜ್ಜಿ ಮೊಮ್ಮಗಳ ಕೈಯಿಂದ ಚೀಲ ಬಿಡಿಸಿಕೊಂಡು, ಕಂಬಿ ಹಿಡಿದು, ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಳು.

ಸಾಹೇಬರ ತಲೆಯಲ್ಲಿ ಆಗ ಸಿಮಿಲಿ ಇರಲಿಲ್ಲ, ಮೆಟಫರ್ ಇರಲಿಲ್ಲ. ಬಾಯಿ ತಾನಾಗಿ ತೆರೆದುಕೊಂಡಿತು.

"ಅಮ್ಮಾ! ನೀ ಹೋದ್ರೆ ನಾನು ಸತ್ತೇ ಹೋಗ್ತೀನಮ್ಮಾ!"

ಅಜ್ಜಿ ತಿರುಗಿದಳು. ಮುಖ ಕೆಂಪಾಗಿತ್ತು. ಮೆಟ್ಟಿಲ ಮೇಲಿದ್ದ ಕಾಲು ನೆಲಕ್ಕೆ ಬಂತು.

"ಥೂ! ಬಿಡ್ತು ಅನ್ನೋ! ಮೊದಲು ಬಿಡ್ತು ಅನ್ನು! ಹೆತ್ತವಳ ಮುಂದೆ ನಿಂತು ಆಡೋ ಮಾತೇನೋ ಇದು? ನಿನ್ನ ನಾಲಿಗೆ ಸೇದಿಹೋಗ! ನನ್ನ ಎದೆ ಒಡೆದು ನೂರು ಚೂರಾಯ್ತಲ್ಲೋ, ಯಾರೋ ಆರಿಸಿ ಕೊಡೋರು? ಮೈಯ ರಕ್ತ ಎಲ್ಲ ಬಸಿದು ಬೆಳೆಸಿದೆನಲ್ಲೋ, ಒಂದು ತೊಟ್ಟು ಉಳಿಸ್ಕೊಂಡಿಲ್ವಲ್ಲೋ ನನಗೆ ಅಂತ! ಮಾತೆಲ್ಲ ನುಂಗಿ ನುಂಗಿ ಹೊಟ್ಟೆ ಬೆಟ್ಟದ ಹಾಗೆ ಆಗಿದೆ, ಒಬ್ಬರಾದ್ರೂ ಕೇಳಿದ್ರೇನೋ? ಮನೆಗೆ ಮಾರಿ, ಊರಿಗೆ ಉಪಕಾರಿ! ನಿನ್ನ ತಕ್ಕಡಿಗೆ ಬೆಂಕಿ ಬೀಳ! ಆಕಾಶವೇ ಬಂದು ಕೂತರೂ ಅಲ್ಲಾಡದ ಕಲ್ಲು ಮನಸ್ಸು ನಿಂದು, ಯಾವ ಮುಹೂರ್ತದಲ್ಲಿ ಹೆತ್ತೆನೋ..."

ಟೈಲರಮ್ಮ ಕಣ್ಣು ಒರೆಸಿಕೊಂಡಳು. "ಗುಣ ಆಯ್ತು" ಎಂದು ಡಾಕ್ಟರು ಮಾತ್ರೆಯನ್ನು ಜೇಬಿಗಿಟ್ಟುಕೊಂಡರು. ಸೋಮವಾರಕ್ಕೆ ಉದಾಹರಣೆ ಬೇಕಾಗಿದ್ದ ಮಗಳು ಒಂದನ್ನೂ ನೆನಪಿಟ್ಟುಕೊಳ್ಳದೆ ಬಾಯಿ ತೆರೆದು ನಿಂತಿದ್ದಳು. ಸಾಹೇಬರಂತೂ ಮೊದಲ ಮಳೆಗೆ ಮುಖವೊಡ್ಡಿದವರ ಹಾಗೆ ಕಣ್ಣು ಮುಚ್ಚಿ ನಿಂತುಬಿಟ್ಟಿದ್ದರು.

ಕಂಡಕ್ಟರಿಗೆ ಬೇರೆ ಕೆಲಸವಿತ್ತು. "ಅಜ್ಜೀ, ಹತ್ತೋದಾದ್ರೆ ಹತ್ತಿ, ಹೊತ್ತಾಯ್ತು!" ಎಂದ.

"ಹೋಗಯ್ಯಾ ಅತ್ಲಾಗೆ!" ಎಂದು ಅಜ್ಜಿ ಅವನ ಮೇಲೆ ಎರಗಿದಳು. "ಇಲ್ಲಿ ನನ್ನ ಮಗ ಸಾಯ್ತಾ ಬಿದ್ದಿದಾನೆ, ನಿನಗೆ ಬಸ್ಸಿನ ಚಿಂತೆ!"

ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ಕತ್ತು ಚಾಚಿ ಸಾಯುತ್ತಿರುವವನನ್ನು ಹುಡುಕಿದರು. ಅಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ, ಆರೋಗ್ಯವಾಗಿದ್ದ ಒಬ್ಬ ಮನುಷ್ಯ ನಿಂತಿದ್ದ. ತಕ್ಕಡಿ ಸಾಹೇಬರು ಅವರನ್ನು ನೋಡಿದರು, ತಾಯಿಯನ್ನು ನೋಡಿದರು. ಆಮೇಲೆ ಅಮ್ಮನ ಮಾತು ಕಡಿಮೆ ಬೀಳಬಾರದೆಂದು ಬಸ್ ಸ್ಟಾಪಿನ ಕಂಬಕ್ಕೆ ಒರಗಿ, ಜೋರಾಗಿ ನರಳಿದರು.